ಅಡಿಕೆ ಸಿಪ್ಪೆ ಸುಟ್ಟು ಬೂದಿ ಮಾಡ್ಬೇಡಿ, ಇದ್ಲು ಮಾಡಿ ಗಂಜಲ ಕುಡಿಸಿ ತೋಟಕ್ಕೆ ಹಾಕಿ

ಅಡಿಕೆ ಸುಲಿತ ಶುರುವಾಯ್ತು ಅಂದ್ರೆ ಸಾಗರ, ಸಿರ್ಸಿ, ತೀರ್ಥಹಳ್ಳಿ ಕಡೆ ಯಾವ ರಸ್ತೇಲಿ ಹೋದ್ರೂ ಪಕ್ಕದಲ್ಲಿ ಸಿಪ್ಪೆ ರಾಶಿ, ರಾಶಿ ಮೇಲೆ ಹೊಗೆ. ಒಂದ್ಸಲ ಬೆಂಕಿ ಇಟ್ರೆ ದಿನಗಟ್ಲೆ ಒಳಗೊಳಗೇ ಕುದೀತಾ ಇರತ್ತೆ, ಬೈಕಲ್ಲಿ ಹೋಗೋರಿಗೆ ಕಣ್ಣು ಬಿಡೋಕಾಗಲ್ಲ. ಹಸಿ ಅಡಿಕೆ ಕಾಯಲ್ಲಿ 60ರಿಂದ 80 ಪರ್ಸೆಂಟ್ ಬರೀ ಸಿಪ್ಪೇನೇ ಇರೋದ್ರಿಂದ ಸ್ವಲ್ಪ ತೋಟ ಇದ್ದೋರ ಮನೇಲೂ ಗಾಡಿಗಟ್ಲೆ ಬೀಳತ್ತೆ. ಗೊಬ್ಬರ ಗುಂಡಿಗೆ ಹಾಕಿದ್ರೆ ನಾರು ಕರಗೋಕೆ ವರ್ಷ ಮೇಲೆ ಹಿಡಿಯತ್ತೆ, ಜಾಗ ತಿನ್ನತ್ತೆ, ಅದಕ್ಕೇ ಜನ ಸುಡ್ತಾರೆ, ತಪ್ಪು ಅಂತ ಬೈಯೋಕೂ ಆಗಲ್ಲ. ಆದ್ರೆ ಸುಟ್ಟು ಬೂದಿಯಾದ ಮೇಲೆ ಅದರಲ್ಲಿದ್ದ ಪೊಟ್ಯಾಶ್ ಮೊದಲ ಮಳೆಗೇ ಕರಗಿ ಚರಂಡಿ ಸೇರತ್ತೆ. ಆಮೇಲೆ ನಾವೇ ಸೊಸೈಟಿಗೆ ಹೋಗಿ ಪೊಟ್ಯಾಶ್ ಚೀಲ ಹೊತ್ಕೊಂಡು ಬರ್ತೀವಿ.

ಇಲ್ಲಿ ಹೇಳ್ತಿರೋದು ಇದೇ ಸಿಪ್ಪೆ, ಇದೇ ಕಡ್ಡಿಕಸವನ್ನ ಪೂರ್ತಿ ಸುಡದೆ ಇದ್ಲಿನ ಹಂತದಲ್ಲೇ ನಿಲ್ಸಿ, ಅದಕ್ಕೆ ಕೊಟ್ಟಿಗೆ ಗಂಜಲ, ಗೋಬರ್ ಗ್ಯಾಸ್ ಗುಂಡಿಯಿಂದ ಬರೋ ಸ್ಲರಿ ಹೀರಿಸಿ ತೋಟಕ್ಕೆ ವಾಪಸ್ ಹಾಕೋ ವಿಧಾನ. ಬಯೋಚಾರ್ ಅಂತಾರೆ. ಹೊಸ ವಿಷಯ ಏನಲ್ಲ, ದಕ್ಷಿಣ ಅಮೆರಿಕದ ಅಮೆಜಾನ್ ಕಾಡಲ್ಲಿ ಅಲ್ಲಿನ ಮೂಲ ಜನ ಸಾವಿರಾರು ವರ್ಷದ ಹಿಂದೆ ಇದ್ಲು, ಮೂಳೆ, ಮಡಕೆ ಚೂರು, ಮನೆ ಕಸ ಎಲ್ಲಾ ಸೇರ್ಸಿ ಮಾಡಿದ ಕಪ್ಪು ಮಣ್ಣು ಇವತ್ತಿಗೂ ಫಲವತ್ತಾಗಿದೆ, ಸುತ್ತಮುತ್ತ ಮಣ್ಣು ಮಾತ್ರ ನಮ್ಮ ಜಂಬಿಟ್ಟಿಗೆ ಥರದ್ದೇ ಬಡಮಣ್ಣು. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯೋರು ತರಗೆಲೆ, ಕಡ್ಡಿ ಮೇಲೆ ಮಣ್ಣು ಮುಚ್ಚಿ ಸುಟ್ಟು ಮಲ್ಲಿಗೆ ಗಿಡಕ್ಕೆ, ತರಕಾರಿಗೆ ಹಾಕೋ ಸುಡುಮಣ್ಣು ಇದೆಯಲ್ಲ, ಅದೂ ಹತ್ತಿರದ ಸಂಬಂಧೀನೇ.

ಮೊದಲು ಒಂದು ಮಾತು ತಲೇಲಿ ಇಟ್ಕೊಳಿ, ಉಳಿದಿದ್ದು ಮರೆತ್ರೂ ಪರವಾಗಿಲ್ಲ. ಇದ್ಲು ಗೊಬ್ಬರ ಅಲ್ಲ. ಅದು ಖಾಲಿ ಕಣಜ. ಖಾಲಿ ಕಣಜ ತಗೊಂಡ್ಹೋಗಿ ಗಿಡದ ಬುಡದಲ್ಲಿ ಇಟ್ರೆ ಅದು ಮೊದಲು ಮಣ್ಣಲ್ಲಿರೋ ಸಾರಜನಕಾನೇ ತನ್ನೊಳಗೆ ತುಂಬ್ಕೊಳತ್ತೆ, ಗಿಡ ಕೆಲವು ತಿಂಗಳು ಹಳದಿ ತಿರುಗಿ ನಿಂತ್ಬಿಡತ್ತೆ. "ಬಯೋಚಾರ್ ಹಾಕಿದೆ, ಇದ್ದಿದ್ದೂ ಹಾಳಾಯ್ತು" ಅನ್ನೋ ದೂರುಗಳಲ್ಲಿ ಸುಮಾರು ದೂರು ಇದೇ ಕಥೆ. ತುಂಬ್ಸಿ ಹಾಕಿ.

ಯಾವುದನ್ನ ಸುಡ್ಬೇಕು, ಯಾವುದನ್ನ ಸುಡ್ಬಾರ್ದು

ಸುಟ್ಟಾಗ ರಂಜಕ, ಪೊಟ್ಯಾಶ್ ಹೆಚ್ಚುಕಮ್ಮಿ ಇದ್ಲಲ್ಲೇ ಉಳಿಯತ್ತೆ, ಆದ್ರೆ ಸಾರಜನಕದಲ್ಲಿ ದೊಡ್ಡ ಪಾಲು ಹೊಗೆ ಜೊತೆ ಹೋಗತ್ತೆ. ಹಾಗಾಗಿ ಸಾರಜನಕ ಇರೋ ವಸ್ತು, ಅಂದ್ರೆ ಸಗಣಿ, ಹಸಿಸೊಪ್ಪು, ಗ್ಲಿರಿಸಿಡಿಯಾ ಎಲೆ, ಅಡುಗೆಮನೆ ಕಸ, ಇವನ್ನೆಲ್ಲಾ ಸುಡೋದು ದಂಡ, ಇವು ಗುಂಡೀಲಿ ಕೊಳೀಲಿ. ಸುಡೋಕೆ ಬೇಕಾಗಿರೋದು ಸುಲಭಕ್ಕೆ ಕರಗದ ಒಣ ಗಟ್ಟಿ ಕಸ: ಅಡಿಕೆ ಸಿಪ್ಪೆ, ಸೋಗೆ ದಿಂಡು, ತೆಂಗಿನ ಕರಟ, ಎಡೆಮಟ್ಟೆ, ಗ್ಲಿರಿಸಿಡಿಯಾ ಕೋಲು, ಕಾಫಿ ಗಿಡ ಸವರಿದಾಗ ಬೀಳೋ ರೆಂಬೆ, ಮುರುಕು ಅಡಿಕೆ ದಬ್ಬೆ. ಲಂಟಾನ ಬೇಲಿ ಕಡ್ದಿದ್ದಿದ್ರೆ ಅದು ಬಂಗಾರ, ಒಳ್ಳೇ ಇದ್ಲು ಬರತ್ತೆ. ಬಯಲುಸೀಮೇಲಿ ಇರೋರಿಗೆ ಬಳ್ಳಾರಿ ಜಾಲಿ, ತೊಗರಿ ಕಡ್ಡಿ, ಹತ್ತಿ ಕಡ್ಡಿ, ಮೆಕ್ಕೆಜೋಳದ ದಿಂಡು ಇದ್ದೇ ಇದೆ.

ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಔಷಧಿ ಹೊಡ್ದ ಮರ ಬೇಡ. ಸಿಪ್ಪೆ ರಾಶೀಲಿ ಗುಟ್ಕಾ ಕವರ್ರು, ಪ್ಲಾಸ್ಟಿಕ್ ಚೀಲದ ಎಳೆ ಸೇರ್ಕೊಂಡಿರತ್ತೆ, ಅದನ್ನ ಆರಿಸಿ ತೆಗೀಬೇಕು, ಬೇಜಾರಿನ ಕೆಲಸ ಆದ್ರೂ ಮಾಡ್ಲೇಬೇಕು. ಮತ್ತೆ ಸೊಪ್ಪಿನ ಬೆಟ್ಟಕ್ಕೆ, ಅಂದ್ರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟಿರೋ ಕಾಡಿಗೆ ಹೋಗಿ ಮರ ಕಡ್ಕೊಂಡು ಬಂದು ಇದ್ಲು ಮಾಡೋ ಯೋಚನೆ ಇದ್ರೆ ಈಗ್ಲೇ ಬಿಟ್ಬಿಡಿ. ನಮ್ಮ ಅರಣ್ಯ ಕಾಯ್ದೇಲಿ ಇದ್ದಿಲು ಅರಣ್ಯ ಉತ್ಪನ್ನದ ಪಟ್ಟೀಲೇ ಇದೆ. ನಿಮ್ಮ ತೋಟದ ಕಸ, ನಿಮ್ಮ ಅಂಗಳ, ನಿಮ್ಮ ತೋಟಕ್ಕೇ ವಾಪಸ್, ಇಷ್ಟರೊಳಗೆ ಇದ್ರೆ ಕಿರಿಕಿರಿ ಇಲ್ಲ. ಗಾಡೀಲಿ ಹೇರ್ಕೊಂಡು ಹೋಗೋದು, ಮಾರೋದು ಅಂತಾದ್ರೆ ಮೊದಲು ಅರಣ್ಯ ಇಲಾಖೆ ರೇಂಜ್ ಆಫೀಸಲ್ಲಿ ಕೇಳ್ಕೊಂಡು ಬನ್ನಿ.

ಗುಂಡಿ ಮತ್ತು ಬೆಂಕಿ

ಡ್ರಮ್ಮು, ಚಿಮಣಿ, ವೆಲ್ಡಿಂಗು ಅಂತ ಖರ್ಚು ಮಾಡೋ ಮುಂಚೆ ಮಣ್ಣಿನ ಗುಂಡೀಲಿ ಮಾಡಿ ನೋಡಿ. ಮೇಲೆ ನಾಲ್ಕೂವರೆ ಅಡಿ ಅಗಲ, ತಳದಲ್ಲಿ ಎರಡು ಅಡಿ, ಆಳ ಎರಡೂವರೆಯಿಂದ ಮೂರು ಅಡಿ, ಲಾಳಿಕೆ ಥರ ಇಳಿಜಾರಾಗಿ ತೋಡಿ, ಗೋಡೆ ಮಣ್ಣನ್ನ ಬಡಿದು ಗಟ್ಟಿ ಮಾಡಿ. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯೋರು 2014ರ ಹೊತ್ತಿಗೆ ಕೊನ್-ಟಿಕಿ ಅಂತ ಕಬ್ಬಿಣದ ದೊಡ್ಡ ಬೋಗುಣಿ ಥರದ ಒಲೆ ಮಾಡಿದ್ರು, ಇದು ಅದರದ್ದೇ ಮಣ್ಣಿನ ರೂಪ. ಜಾಗ ಆರಿಸ್ವಾಗ ಹುಲ್ಲಿನ ಬಣವೆ, ಕೊಟ್ಟಿಗೆ ಮಾಡು, ಅಡಿಕೆ ಮರ, ಕರೆಂಟ್ ವಯರ್ ಯಾವುದೂ ಹತ್ರ ಇರ್ಬಾರ್ದು, ನೀರಿನ ಪೈಪ್ ಮಾತ್ರ ಮುಟ್ಟಬೇಕು. ಫೆಬ್ರವರಿ, ಮಾರ್ಚಲ್ಲಿ ಸಿಪ್ಪೆನೂ ಒಣಗಿರತ್ತೆ, ಕೆಲಸಕ್ಕೂ ಬಿಡುವು ಇರತ್ತೆ, ಆದ್ರೆ ಗಾಳಿ ಎದ್ದಿರೋ ಮಧ್ಯಾಹ್ನ ಬೇಡ, ಬೆಳಗ್ಗೆ ಇಬ್ಬನಿ ಆರೋ ಹೊತ್ತಿಗೆ ಶುರು ಮಾಡಿ. ಬೆಟ್ಟಕ್ಕೆ ತಾಗಿರೋ ಅಂಗಳ ಆದ್ರಂತೂ ಸುತ್ತ ತರಗೆಲೆ ಗುಡಿಸದೆ ಬೆಂಕಿಪೊಟ್ಣ ಕೈಗೆ ತಗೋಬೇಡಿ.

ಕಸ ಒಣಗಿರೋದು ಮುಖ್ಯ. ಮುರಿದ್ರೆ ಪಟ್ ಅನ್ಬೇಕು, ಬಗ್ಗಿದ್ರೆ ಇನ್ನೂ ಹಸಿ ಇದೆ ಅಂತ.

ತಳದಲ್ಲಿ ಸಣ್ಣ ಒಣಕಡ್ಡಿಗಳನ್ನ ಅಡ್ಡ ಉದ್ದ ಇಟ್ಟು ಚೌಕದ ಗೋಪುರ ಮಾಡಿ, ಬೆಂಕಿಯನ್ನ ಗೋಪುರದ ಮೇಲಿಂದ ಕೊಡಿ, ಕೆಳಗಿಂದ ಅಲ್ಲ. ಮೇಲಿಂದ ಕೊಟ್ರೆ ಕೆಳಗಿನ ಕಡ್ಡಿಯಿಂದ ಬರೋ ಹೊಗೆ ಉರಿಯೊಳಗೇ ಹಾದು ಅಲ್ಲೇ ಸುಟ್ಟುಹೋಗತ್ತೆ. ಕೆಂಡ ತಳಕ್ಕೆ ಕೂತ ಮೇಲೆ ಒಂದು ಪದರ ಕಸ ಹಾಕಿ. ಈಗ ಇದರ ಗುಟ್ಟು: ಮೇಲೆ ಉರಿ ಇರೋ ತನಕ ಆ ಉರೀನೇ ಗಾಳಿಯ ಆಮ್ಲಜನಕ ಎಲ್ಲಾ ತಿಂದ್ಬಿಡತ್ತೆ, ಕೆಳಗಿನ ಕೆಂಡಕ್ಕೆ ಗಾಳಿ ಸಿಗಲ್ಲ, ಹಾಗಾಗಿ ಅದು ಬೂದಿ ಆಗದೆ ಇದ್ಲಾಗೇ ಉಳಿಯತ್ತೆ. ಶಾಖ 650, 700 ಡಿಗ್ರಿ ತನಕ ಏರತ್ತೆ. ಉರಿ ಇಳಿದು, ಕೆಂಡದ ಮೈ ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣಿಸೋಕೆ ಶುರುವಾಯ್ತಾ, ತಕ್ಷಣ ಮುಂದಿನ ಪದರ ಹಾಕಿ. ಬೂದಿ ಕಾಣೋ ಮುಂಚೆ ಹಾಕಿದ್ರೆ ಉರಿ ಸತ್ತು ಹೊಗೆ ಏಳತ್ತೆ, ತಡ ಮಾಡಿದ್ರೆ ನಿಮ್ಮ ಇದ್ಲು ಬೂದಿ ಆಗ್ತಾ ಇರತ್ತೆ. ಇದೊಂದನ್ನ ನೋಡ್ತಾ ನಿಲ್ಲೋದೇ ಇಡೀ ಕೆಲಸ, ಮಧ್ಯ ಕಾಫಿಗೆ ಹೋದ್ರೆ ಕೆಟ್ಟಿತು. ಹೊಗೆ ಎದ್ರೆ ಇನ್ನೇನೂ ಹಾಕದೆ ಉರಿ ಮತ್ತೆ ಹಿಡಿಯೋಕೆ ಬಿಡಿ.

ಅಡಿಕೆ ಸಿಪ್ಪೆ ಒಂದನ್ನೇ ಹಾಕಿದ್ರೆ ಅದು ಹತ್ತಿ ಥರ ಭರ್ ಅಂತ ಉರಿದು ಬೇಗ ಬೂದಿ ಆಗತ್ತೆ, ಒದ್ದೆ ಇದ್ರೆ ಉಲ್ಟಾ, ಗಪ್ ಅಂತ ಕೂತು ಹೊಗೆ ಆಡತ್ತೆ. ಅದಕ್ಕೆ ಒಂದು ಪದರ ಗಟ್ಟಿ ಕಸ, ಅಂದ್ರೆ ಕೋಲು, ಕರಟ, ದಬ್ಬೆ, ಅದರ ಮೇಲೆ ತೆಳುವಾಗಿ ಸಿಪ್ಪೆ ಉದುರಿಸೋದು, ಮತ್ತೆ ಗಟ್ಟಿದು, ಹೀಗೆ ಮಾಡಿ. ದಪ್ಪ ಕೊರಡು ಹಾಕ್ಬೇಡಿ, ಕೈಮಣಿಕಟ್ಟಿಗಿಂತ ದಪ್ಪ ಇದ್ರೆ ಒಳಗೆ ಹಸಿ ಉಳಿಯತ್ತೆ. ಭತ್ತದ ಹೊಟ್ಟು ಈ ಗುಂಡಿಗೆ ಆಗಲ್ಲ, ಅದಕ್ಕೆ ಮಧ್ಯ ತೂತಿನ ಚಿಮಣಿ ಇಟ್ಟು ಸುತ್ತ ರಾಶಿ ಹಾಕೋ ಬೇರೆ ಪದ್ಧತಿ ಇದೆ.

ಗುಂಡಿ ಮುಕ್ಕಾಲು ತುಂಬೋಕೆ ಮೂರು ನಾಲ್ಕು ಗಂಟೆ ಹಿಡಿಯತ್ತೆ. ಕೊನೇ ಪದರ ಉರಿದು ಬೂದಿ ಕಾಣಿಸ್ತಿದ್ದ ಹಾಗೇ ಆರಿಸ್ಬೇಕು. ಬರೀ ನೀರು ಹೊಡೀಬಹುದು, ಆದ್ರೆ ನಿಮ್ಮ ಹತ್ರ ಗೋಬರ್ ಗ್ಯಾಸ್ ಸ್ಲರಿ ಇದ್ರೆ ಅದನ್ನ ನೀರಾಗಿ ಕಲಸಿಟ್ಕೊಂಡು, ಮೊದಲು ನೀರಲ್ಲಿ ಬೆಂಕಿ ಕೊಂದು ಹಬೆ ಇಳಿದ ಮೇಲೆ ಸ್ಲರಿ ಹುಯ್ಯಿರಿ. ಕೆಂಪಗಿರೋ ಕೆಂಡಕ್ಕೇ ಗಂಜಲ ಹೊಯ್ದ್ರೆ ಅಮೋನಿಯ ಹಬೆ ಜೊತೆ ಹಾರತ್ತೆ, ಏನೂ ಪ್ರಯೋಜನ ಇಲ್ಲ, ಮೂಗಿಗೂ ಕಷ್ಟ. ಹಬೆ ಜೋರು ಏಳತ್ತೆ, ಗಾಳಿ ಬರೋ ಕಡೆಗೆ ಬೆನ್ನು ಹಾಕಿ ನಿಂತ್ಕೊಳಿ. ಎರಡು, ಮೂರು ಬ್ಯಾರೆಲ್ ನೀರು ಬೇಕಾದೀತು, ಪೈಪಿನ ತುದಿಯನ್ನ ತಳಕ್ಕೆ ಇಳಿಸಿ ಕೆಳಗಿಂದ ತುಂಬಿಸ್ಕೊಂಡು ಬಂದ್ರೆ ಒಳಗೆ ಕೆಂಡ ಉಳಿಯಲ್ಲ. ನೀರಿಗೆ ಬರ ಇದ್ರೆ ಒದ್ದೆ ಮಣ್ಣಿಂದ ಗಾಳಿಯಾಡದ ಹಾಗೆ ಮುಚ್ಚಿ ಎರಡು ದಿನ ಬಿಡಬಹುದು, ಆದ್ರೆ ಬಿರುಕು ಬಿಟ್ರೆ ಎಲ್ಲಾ ಬೂದಿ. ಆರಿದೆ ಅಂತ ಅವತ್ತೇ ಚೀಲ ತುಂಬಿ ಮನೆ ಒಳಗೋ ಅಟ್ಟಕ್ಕೋ ಇಡಬೇಡಿ! ಇದ್ಲು ಒಳಗೊಳಗೇ ಮತ್ತೆ ಹೊತ್ಕೊಳತ್ತೆ, ಮುಚ್ಚಿದ ಕೋಣೇಲಿ ವಿಷಗಾಳಿನೂ ಆಗತ್ತೆ. ಒಂದು ದಿನ ಬಯಲಲ್ಲಿ ಹರಡಿ, ಕೈ ಹಾಕಿ ನೋಡಿ, ಆಮೇಲೆ ಮುಂದಿನ ಮಾತು.

ಇದ್ಲು ಚೆನ್ನಾಗಿ ಬಂದಿದೆಯಾ ಅಂತ ನೋಡೋಕೆ ಲ್ಯಾಬ್ ಬೇಡ. ಒಂದು ಚೂರು ಅಂಗೈಲಿ ಉಜ್ಜಿ. ಪುಡಿಯಾಗಿ ಕೈ ಕಪ್ಪಾಗಿ, ಬರೀ ನೀರಲ್ಲಿ ತೊಳೆದ್ರೆ ಹೋದ್ರೆ ಒಳ್ಳೇದು. ಜಿಡ್ಡು ಜಿಡ್ಡಾಗಿ ಸೋಪು ಬೇಕಾದ್ರೆ, ಮೂಸಿದ್ರೆ ಡಾಂಬರಿನ ಥರ ವಾಸನೆ ಬಂದ್ರೆ ಅರೆಬೆಂದಿದೆ, ಅಂಥದ್ದನ್ನ ಮುಂದಿನ ಗುಂಡಿಗೆ ಮತ್ತೆ ಹಾಕಿ.

ಈ ಅಳತೆ ಗುಂಡೀಲಿ ಒಂದು ಸಲಕ್ಕೆ 80ರಿಂದ 100 ಕೆಜಿ ಒಣ ಇದ್ಲು ಸಿಗಬಹುದು. ಒಣ ಕಸದ ತೂಕದಲ್ಲಿ ಐದರಲ್ಲಿ ಒಂದು ಪಾಲು ಬಂತು ಅಂದ್ರೆ ಕೈ ಪಳಗಿದೆ ಅಂತ ಅರ್ಥ.

ತುಂಬಿಸೋದು

ಕುಟ್ಟೋ ಕೆಲಸ ಒದ್ದೆ ಇರೋವಾಗ್ಲೇ ಮುಗಿಸಿ, ಒಣಗಿದ್ದು ಕುಟ್ಟಿದ್ರೆ ಏಳೋ ಧೂಳು ಎದೆಗೆ ಒಳ್ಳೇದಲ್ಲ, ಮೂಗಿಗೆ ಒದ್ದೆ ಬಟ್ಟೆನೋ ಮಾಸ್ಕೋ ಇರ್ಲಿ. ಗೋಣಿಚೀಲಕ್ಕೆ ತುಂಬಿ ಮೇಲೆ ಪಿಕಪ್ ಹತ್ತಿಸಿದ್ರೆ ಸಾಕು. ಜೋಳದ ಕಾಳಿಂದ ಕಡಲೆ ಕಾಳಿನ ಗಾತ್ರದವರೆಗೆ ಏನಿದ್ರೂ ನಡೆಯತ್ತೆ, ಹಿಟ್ಟು ಮಾಡ್ಬೇಕಾಗಿಲ್ಲ.

ನನ್ನ ಪ್ರಕಾರ ತುಂಬಿಸೋಕೆ ಕೊಟ್ಟಿಗೆಗಿಂತ ಒಳ್ಳೇ ಜಾಗ ಇಲ್ಲ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡ್ಯೋ ಘಾಟು ಇದೆಯಲ್ಲ, ಅದು ಅಮೋನಿಯ, ಅಂದ್ರೆ ನೀವು ಹಿಂಡಿ ರೂಪದಲ್ಲಿ ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಗೆ ಹೋಗ್ತಾ ಇರೋದು. ದನ ಹೊರಹಾಕೋ ಸಾರಜನಕದಲ್ಲಿ ಹೆಚ್ಚುಕಮ್ಮಿ ಅರ್ಧ, ಪೊಟ್ಯಾಶಲ್ಲಿ ಬಹುಪಾಲು ಗಂಜಲದಲ್ಲೇ ಇರೋದು, ರಂಜಕ ಸಗಣೀಲಿ. ನಾವು ಸಗಣಿ ಜೋಪಾನ ಮಾಡಿ ಗಂಜಲ ಕಾಲುವೆಗೆ ಬಿಡ್ತೀವಿ. ದಿನಾ ಸಂಜೆ ದನ ಮಲಗೋ ಜಾಗದ ಹಿಂದೆ, ಗಂಜಲ ಹರಿಯೋ ಓಣೀಲಿ ಒಂದೆರಡು ಬುಟ್ಟಿ ಒದ್ದೆ ಇದ್ಲು ಪುಡಿ ಹರಡಿ ಅದರ ಮೇಲೆ ಮಾಮೂಲಿ ಹಾಗೆ ಸೊಪ್ಪು, ದರಕು ಹಾಸಿ. ಬೆಳಗ್ಗೆ ಎಲ್ಲಾ ಸೇರ್ಸಿ ಬಾಚಿ ಗೊಬ್ಬರ ಗುಂಡಿಗೆ. ಘಾಟು ಕಮ್ಮಿ ಆಗಿದ್ದು ನಿಮಗೇ ಗೊತ್ತಾಗತ್ತೆ, ಕಮ್ಮಿ ಆಗಿಲ್ಲ ಅಂದ್ರೆ ಇದ್ಲು ಇನ್ನೊಂದು ಬುಟ್ಟಿ ಜಾಸ್ತಿ ಮಾಡಿ. ದನದ ಮೈಗೆ ಕಪ್ಪು ಅಂಟತ್ತೆ ಅಂತ ಮನೆಯೋರು ಗೊಣಗ್ತಾರೆ, ಮೇಲೆ ಸೊಪ್ಪು ದಪ್ಪಗೆ ಹಾಸಿದ್ರೆ ಅಷ್ಟು ಅಂಟಲ್ಲ.

ದನ ಕಮ್ಮಿ ಇದ್ದೋರು ಬ್ಯಾರೆಲಲ್ಲಿ ಮಾಡಿ. ಬ್ಯಾರೆಲ್ ಮುಕ್ಕಾಲು ಇದ್ಲು, ಅದು ಮುಳುಗೋಷ್ಟು ಸ್ಲರಿ ಇಲ್ಲಾ ನೀರು ಬೆರೆಸಿದ ಗಂಜಲ, ದಿನಾ ಒಮ್ಮೆ ಕೋಲಲ್ಲಿ ತಿರುವಿ, ನೆರಳಲ್ಲಿ ಎರಡು ಮೂರು ವಾರ. ಜೀವಾಮೃತ ಮಾಡೋರಿಗೆ ಅದೂ ಆಗತ್ತೆ, 200 ಲೀಟರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು ಅನ್ನೋ ಅದೇ ಲೆಕ್ಕ, ಆದ್ರೆ ಅದರಲ್ಲಿ ಜೀವಾಣು ಜಾಸ್ತಿ, ಪೋಷಕಾಂಶ ಕಮ್ಮಿ, ಹಾಗಾಗಿ ಅದೊಂದನ್ನೇ ನಂಬಬೇಡಿ. ಗೊಬ್ಬರ ಗುಂಡಿಗೆ ನೇರ ಹಾಕೋದಾದ್ರೆ ಹತ್ತು ಬುಟ್ಟಿ ಕಸಕ್ಕೆ ಒಂದು ಬುಟ್ಟಿ ಇದ್ಲು, ಪದರ ಪದರವಾಗಿ. ಗುಂಡಿ ಬಿಸಿ ಏರಿ ಇಳಿಯೋ ಹೊತ್ತಿಗೆ ಇದ್ಲು ಮೈಯೆಲ್ಲಾ ಹೊಟ್ಟೆ ಮಾಡ್ಕೊಂಡು ಕುಡ್ದಿರತ್ತೆ.

ಗಂಜಲ ಕುಡಿಸಿದ್ರೆ ಏನು ವ್ಯತ್ಯಾಸ ಅಂತ ಕೇಳೋರಿಗೆ ನೇಪಾಳದ ಒಂದು ಪ್ರಯೋಗ ಇದೆ, 2015ರಲ್ಲಿ ಪ್ರಕಟ ಆಗಿದ್ದು. ಯುಪಟೋರಿಯಂ ಜಾತಿಯ ಕಳೆಗಿಡದಿಂದ ಇದ್ಲು ಮಾಡಿ, ಗಂಜಲ ಹೀರಿಸಿ, ಹೆಕ್ಟೇರಿಗೆ ಬರೀ 750 ಕೆಜಿ ಲೆಕ್ಕದಲ್ಲಿ ಸಿಹಿಗುಂಬಳದ ಬೇರಿನ ಹತ್ರ ಹಾಕಿದ್ರು. ಬರೀ ಗಂಜಲ ಕೊಟ್ಟ ಪಾತಿಗಿಂತ ನಾಲ್ಕು ಪಟ್ಟು ಇಳುವರಿ, ಬರೀ ಇದ್ಲು ಹಾಕಿದ್ದಕ್ಕಿಂತ 85 ಪರ್ಸೆಂಟ್ ಜಾಸ್ತಿ. ಅದು ಒಂದು ಬೆಳೆ, ಒಂದು ಜಾಗದ ಲೆಕ್ಕ, ಅಡಿಕೆ ನಾಲ್ಕು ಪಟ್ಟು ಆಗತ್ತೆ ಅಂತ ಯಾರಾದ್ರೂ ಹೇಳಿ ಇದ್ಲು ಮಾರೋಕೆ ಬಂದ್ರೆ ಕಾಫಿ ಕೊಟ್ಟು ಕಳ್ಸಿ.

ತೋಟಕ್ಕೆ ಹಾಕೋದು

ಎಲ್ಲಾ ಕಡೆ ಎರಚಬೇಡಿ, ಬೇರು ಇರೋ ಕಡೆ ಹಾಕಿ. ಅಡಿಕೆ ಆದ್ರೆ ಬುಡದಿಂದ ಎರಡೂವರೆ ಮೂರು ಅಡಿ ದೂರದಲ್ಲಿ ಸುತ್ತಲೂ ಮಣ್ಣು ಕೆದಕಿ, ಮರಕ್ಕೆ ಒಣ ಲೆಕ್ಕದಲ್ಲಿ ಒಂದು ಕೆಜಿ ಆಗೋಷ್ಟು ತುಂಬಿಸಿದ ಇದ್ಲು, ಜೊತೆಗೆ ಮಾಮೂಲಿ ಕೊಟ್ಟಿಗೆ ಗೊಬ್ಬರ, ಮೇಲೆ ಮಣ್ಣು ಎಳೆದು ಸೊಪ್ಪು ಮುಚ್ಚಿ. ತೆಂಗಿಗೆ ಪಾತಿ ಆರಡಿ ತನಕ ಹೋಗತ್ತೆ. ಎಕರೆಗೆ 550 ಅಡಿಕೆ ಮರ ಅಂದ್ರೆ 550 ಕೆಜಿ ಇದ್ಲು, ಅಂದ್ರೆ ಆರು ಗುಂಡಿ. ಒಂದೇ ವರ್ಷ ಆಗ್ಲೇಬೇಕು ಅಂತಿಲ್ಲ, ಮಣ್ಣಲ್ಲಿ ಇದು ನೂರಾರು ವರ್ಷ ಉಳಿಯೋ ವಸ್ತು, ವರ್ಷಕ್ಕೊಂದು ಮೂಲೆ ಮಾಡ್ಕೊಂಡು ಬನ್ನಿ.

ಮಲೆನಾಡಿನೋರು ಗಮನಿಸ್ಬೇಕಾದ್ದು ಮಳೆ. ಇದ್ಲು ತೇಲತ್ತೆ. ಮೇಲ್ಗಡೆ ಚೆಲ್ಲಿ ಹೋದ್ರೆ ಜುಲೈ ಮಳೆಗೆ ಅಷ್ಟೂ ಬಸಿಗಾಲುವೆ ಹಿಡಿದು ಪಕ್ಕದೋರ ಗದ್ದೆ ಸೇರತ್ತೆ. ಮಳೆಗಾಲದ ಮುಂಚೆ ಹಾಕೋದಾದ್ರೆ ಮೇ ಕೊನೇಲಿ ಮಣ್ಣೊಳಗೆ ಸೇರ್ಸಿ, ಇಲ್ಲಾಂದ್ರೆ ಸೆಪ್ಟೆಂಬರ್, ಅಕ್ಟೋಬರಲ್ಲಿ ಎರಡನೇ ಕಂತಿನ ಗೊಬ್ಬರದ ಜೊತೆ ಹಾಕಿ, ನನಗೆ ಎರಡನೇದೇ ಸರಿ ಅನ್ಸತ್ತೆ.

ರಾಸಾಯನಿಕ ಗೊಬ್ಬರ ಹಾಕೋರು ಮೊದಲ ವರ್ಷವೇ ನಿಲ್ಸಬೇಡಿ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಅನ್ನೋ ಶಿಫಾರಸು ಎಲ್ಲರಿಗೂ ಗೊತ್ತಿರೋದೇ, ಇದ್ಲು ಅದನ್ನ ಹಿಡಿದಿಟ್ಕೊಳೋಕೆ ಸಹಾಯ ಮಾಡತ್ತೆ, ಅದರ ಬದಲಿಗೆ ನಿಲ್ಲಲ್ಲ. ಕಮ್ಮಿ ಮಾಡೋದಿದ್ರೆ ಮಣ್ಣು ಪರೀಕ್ಷೆ ನೋಡ್ಕೊಂಡು ನಿಧಾನಕ್ಕೆ ಮಾಡಿ. ಕಳೆನಾಶಕ ಮಣ್ಣಿಗೆ ಹೊಡ್ಯೋ ಅಭ್ಯಾಸ ಇದ್ರೆ ಅದನ್ನೂ ಇದ್ಲು ಹೀರ್ಕೊಂಡು ಕೆಲಸ ಮಾಡದ ಹಾಗೆ ಮಾಡಬಹುದು, ಆಮೇಲೆ ಔಷಧಿ ಅಂಗಡಿಯೋರಿಗೆ ಬೈಬೇಡಿ.

ಇನ್ನು ಎಲ್ಲರ ಮಣ್ಣಿಗೂ ಇದು ಆಗಲ್ಲ. ಇದ್ಲು ಕ್ಷಾರ, ಪಿಎಚ್ ಎಂಟರಿಂದ ಹತ್ತರ ತನಕ ಇರತ್ತೆ. ನಮ್ಮ ಮಲೆನಾಡು, ಕರಾವಳಿ ಹುಳಿಮಣ್ಣಿಗೆ ಅದು ಲಾಭ, ಸುಣ್ಣದ ಕೆಲಸಾನೂ ಸ್ವಲ್ಪ ಮಾಡತ್ತೆ, ಹಾಗಾಗಿ ಆ ವರ್ಷ ಸುಣ್ಣ ಹಾಕೋ ಮುಂಚೆ ಒಮ್ಮೆ ಪಿಎಚ್ ನೋಡಿ. ಆದ್ರೆ ವಿಜಯಪುರ, ರಾಯಚೂರು ಕಡೆ ಎರೆಮಣ್ಣು ಮೊದಲೇ ಎಂಟರ ಮೇಲೆ ಇರತ್ತೆ, ಅಲ್ಲಿ ಜಾಸ್ತಿ ಹಾಕಿದ್ರೆ ಜಿಂಕ್, ಕಬ್ಬಿಣ ಗಿಡಕ್ಕೆ ಸಿಗದೆ ಎಲೆ ಬೆಳ್ಳಗಾಗಬಹುದು. ಆ ಕಡೆಯೋರು ಕಾಂಪೋಸ್ಟಲ್ಲಿ ಚೆನ್ನಾಗಿ ಕೊಳೆಸಿದ್ದನ್ನ ಮಾತ್ರ, ಅದೂ ಸಣ್ಣ ಪ್ರಮಾಣದಲ್ಲಿ ಹಾಕಿ ನೋಡೋದು ಒಳ್ಳೇದು.

ಧೈರ್ಯ ಸಾಲದಿದ್ರೆ ಮೊದಲು ಮೆಣಸಿನ ಬಳ್ಳಿ ನರ್ಸರೀಲಿ ಶುರು ಮಾಡಿ. ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು ಅಂತ ತುಂಬ್ತೀವಲ್ಲ, ಅದರಲ್ಲಿ ಹತ್ತನೇ ಒಂದು ಪಾಲು ತುಂಬಿಸಿದ ಇದ್ಲು ಸೇರ್ಸಿ. ಅರ್ಧದಷ್ಟು ಕೊಟ್ಟೆಗೆ (ನರ್ಸರಿ ಚೀಲಕ್ಕೆ) ಹಾಕಿ, ಅರ್ಧ ಹಾಗೇ ಬಿಡಿ. ಅದಕ್ಕೂ ಮುಂಚೆ ಒಂದು ತೆಂಗಿನ ಕರಟದಲ್ಲಿ ಅದೇ ಮಿಶ್ರಣ ತುಂಬಿ ಹೆಸರುಕಾಳು ಬಿತ್ತಿ, ಪಕ್ಕದ ಕರಟದಲ್ಲಿ ಬರೀ ಮಣ್ಣು. ಇದ್ಲಿನ ಕರಟದಲ್ಲಿ ಮೊಳಕೆ ತಡ ಆದ್ರೆ, ಬೇರು ಕಂದು ಬಂದ್ರೆ ಆ ಇದ್ಲು ಇನ್ನೂ ಮಾಗಿಲ್ಲ, ಮತ್ತೆ ಗೊಬ್ಬರ ಗುಂಡಿಗೆ ಹಾಕಿ ಒಂದು ತಿಂಗಳು ಬಿಡಿ.

ಬೆಂಗಳೂರಲ್ಲಿ ಬಾಲ್ಕನೀಲಿ ಕಾಂಪೋಸ್ಟ್ ಮಾಡೋರು ಗುಂಡಿ ತೋಡೋ ಪ್ರಶ್ನೆನೇ ಇಲ್ಲ, ಅಪಾರ್ಟ್‌ಮೆಂಟಲ್ಲಿ ಬೆಂಕಿ ಹಾಕಿದ್ರೆ ಅಸೋಸಿಯೇಷನ್ನೋರು ಬಿಡಲ್ಲ. ಇಸ್ತ್ರಿ ಅಂಗಡಿಗೆ ಬರೋ ಥರದ ಕಟ್ಟಿಗೆ ಇದ್ಲು ಒಂದೆರಡು ಕೆಜಿ ತಂದು, ನೀರಲ್ಲಿ ನೆನೆಸಿ, ಕುಟ್ಟಿ, ತರಕಾರಿ ಸಿಪ್ಪೆ ಹಾಕಿದಾಗೆಲ್ಲ ಮೇಲೊಂದು ಹಿಡಿ ಉದುರಿಸಿ, ವಾಸನೆನೂ ಕಮ್ಮಿ, ನೀರು ಸೋರೋದೂ ಕಮ್ಮಿ. ಅಚ್ಚಲ್ಲಿ ಒತ್ತಿ ಮಾಡಿದ ಬಾರ್ಬೆಕ್ಯೂ ಇದ್ಲು ಮಾತ್ರ ತರಬೇಡಿ, ಅದಕ್ಕೆ ಅಂಟು, ಕೆಲವಕ್ಕೆ ಬೇಗ ಹೊತ್ತೋ ಕೆಮಿಕಲ್ಲೂ ಸೇರಿಸಿರ್ತಾರೆ.